ಮುಚ್ಚಳಿಕೆ ಬರೆದುಕೊಟ್ಟ ರಾಯಭಾರಿ

ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ತಂದೆ ಈ ಅಂಕಣಕ್ಕೆ ಕಾಗದ ಬರೆದಿದ್ದಾರೆ. ಮಗಳು ಚಾಮರಾಜನಗರದಲ್ಲಿ ಬಿ.ಎ. ಓದುತ್ತಿದ್ದಾಳೆ, ಮುಂದೆ ಐ.ಎಫ್.ಎಸ್. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಬಂಡೀಪುರದ ಪಕ್ಕದಲ್ಲೇ ಇರುವವರಾದ್ದರಿಂದ ಇವರು ಮೊದಲು ಅದನ್ನು ಅರಣ್ಯ ಸೇವೆ ಎಂದೇ ತಿಳಿದು ಸಂತೋಷಪಟ್ಟರಂತೆ. ಕಾಡು ಇಲ್ಲೇ ಇದೆ, ಮಗಳೂ ಇಲ್ಲೇ ಎಲ್ಲಾದರೂ ಇರುತ್ತಾಳೆ ಎಂಬ ಲೆಕ್ಕ. ಆಮೇಲೆ ಗೊತ್ತಾಯಿತು, ಅವಳು ಹೇಳುತ್ತಿರುವುದು ಫಾರೆಸ್ಟ್ ಅಲ್ಲ, ಫಾರಿನ್ ಎಂದು! ಈಗ ಅವರ ಪ್ರಶ್ನೆ ಇದು: ಹೆಣ್ಣುಮಗಳು ಮೂರು ವರ್ಷಕ್ಕೊಂದು ದೇಶ ತಿರುಗುವ ಕೆಲಸಕ್ಕೆ ಸೇರಿದರೆ ಅವಳ ಮದುವೆ, ಮನೆ, ಮಕ್ಕಳ ಗತಿಯೇನು? ಇಂಥ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವಾಗ ಸರ್ಕಾರವಾದರೂ ಇದನ್ನೆಲ್ಲ ಯೋಚಿಸುವುದಿಲ್ಲವೇ?

ಸರ್ಕಾರ ಯೋಚಿಸಿತ್ತು, ಸ್ವಾಮಿ. ಬಹಳ ಹಿಂದೆಯೇ, ನಿಮ್ಮ ಹಾಗೆಯೇ ಯೋಚಿಸಿತ್ತು. ಯೋಚಿಸಿ ಸುಮ್ಮನಿರದೆ ಅದನ್ನು ನಿಯಮವಾಗಿ ಅಚ್ಚು ಹಾಕಿಸಿತ್ತು. ಆ ನಿಯಮ ಏನಾಯಿತು, ಅದನ್ನು ಕೀಳಿಸಿದವರು ಯಾರು ಎಂಬುದು ತಿಳಿಯಬೇಕಾದರೆ ನಮ್ಮ ಜಿಲ್ಲೆಯಿಂದ ಅರ್ಧ ದಿನದ ಬಸ್ ಪ್ರಯಾಣ ಮಾಡಬೇಕು. ಮೈಸೂರಿಗೆ ಹೋಗಿ, ಹುಣಸೂರು, ಗೋಣಿಕೊಪ್ಪಲು ದಾಟಿದರೆ ವಿರಾಜಪೇಟೆ. 1924ರ ಜನವರಿ 24ರಂದು ಅಲ್ಲಿ ಹುಟ್ಟಿದ ಚೋನಿರ ಬೆಳ್ಯಪ್ಪ ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ.

ತಮಾಷೆ ಎಂದರೆ ಅವರ ತಂದೆ ಅರಣ್ಯಾಧಿಕಾರಿ. ಮುತ್ತಮ್ಮನಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ಮನೆಯಲ್ಲಿ ನಾಲ್ಕು ಮಕ್ಕಳು. ಗಂಡ ಹೋದ ಮೇಲೆ ಹೆಣ್ಣುಮಕ್ಕಳ ಓದು ನಿಲ್ಲಿಸಿ ಬೇಗ ಒಂದು ಕಡೆ ಸೇರಿಸಿಬಿಡೋಣ ಎಂದು ಯೋಚಿಸುವುದು ಆ ಕಾಲದಲ್ಲಿ ಅಪರೂಪವೇನಲ್ಲ. ಆ ತಾಯಿ ಹಾಗೆ ಮಾಡಲಿಲ್ಲ. ಎಲ್ಲರನ್ನೂ ಓದಿಸಿದರು. ಮುತ್ತಮ್ಮ ಮಡಿಕೇರಿಯ ಸಂತ ಜೋಸೆಫರ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತು ಮದರಾಸಿಗೆ ಹೋದರು. ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಚಿನ್ನದ ಪದಕಗಳೊಂದಿಗೆ ಪದವಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ಅದು ಸೇರಿದ್ದು 1956ರಲ್ಲಿ. ಚಾಮರಾಜನಗರ, ಗುಂಡ್ಲುಪೇಟೆ ಮಹಾರಾಜರ ಸಂಸ್ಥಾನದಲ್ಲಿದ್ದವು, ನೆರೆಯ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈಗ ಒಂದೇ ಎನಿಸುವ ನಮ್ಮ ಈ ಸೀಮೆ ಆಗ ಮೂರು ಆಡಳಿತಗಳಲ್ಲಿ ಹಂಚಿಹೋಗಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಮರೆಯಬಾರದು.

ಭಾರತೀಯ ವಿದೇಶಾಂಗ ಸೇವೆ ಹುಟ್ಟಿದ್ದು 1946ರ ಅಕ್ಟೋಬರಿನಲ್ಲಿ, ಸ್ವಾತಂತ್ರ್ಯಕ್ಕೆ ಹತ್ತು ತಿಂಗಳು ಮೊದಲು. ಬ್ರಿಟಿಷರ ಕಾಲದಲ್ಲಿ ನಮ್ಮ ಪರವಾಗಿ ಜಗತ್ತಿನೊಡನೆ ಮಾತಾಡುತ್ತಿದ್ದವರು ಲಂಡನ್ನಿನವರು. ಈಗ ನಮ್ಮವರೇ ಬೇಕಾಗಿತ್ತು. ಹೊಸ ಸರ್ಕಾರ ಪರೀಕ್ಷೆ ನಡೆಸಿ ತರುಣರನ್ನು ಆರಿಸತೊಡಗಿತು. 1948ರಲ್ಲಿ ಆ ಪರೀಕ್ಷೆಗೆ ಕುಳಿತು ಪಾಸಾದ ಮೊದಲ ಹೆಣ್ಣುಮಗಳು ಮುತ್ತಮ್ಮ. ಲಿಖಿತ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆಗೆ ಗಂಡು, ಹೆಣ್ಣು ಎಂಬುದಿಲ್ಲ. ಅಲ್ಲಿ ತೊಡಕಾಗಲಿಲ್ಲ. ತೊಡಕು ಶುರುವಾದದ್ದು ಸಂದರ್ಶನದ ಕೋಣೆಯಲ್ಲಿ.

ಅಲ್ಲಿ ನಡೆದದ್ದನ್ನು ಅವರು ಮುಂದೆ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಲ್ಲಿ ಬರೆದಿದ್ದಾರೆ. ಲೋಕಸೇವಾ ಆಯೋಗದ ಅಧ್ಯಕ್ಷರು ವಿದೇಶಾಂಗ ಸೇವೆ ನಿನಗೆ ಬೇಡವೆಂದು ಮನವೊಲಿಸಲು ನೋಡಿದರು. ಈಕೆ ಒಪ್ಪಲಿಲ್ಲ. ಸಂದರ್ಶನದಲ್ಲಿ ನಿನಗೆ ಕನಿಷ್ಠ ಅಂಕ ಬೀಳುವಂತೆ ನಾನೇ ಪ್ರಭಾವ ಬಳಸಿದ್ದೆ ಎಂದು ಅದೇ ಅಧ್ಯಕ್ಷರು ಇನ್ನೊಂದು ಸಂದರ್ಭದಲ್ಲಿ ಇವರ ಮುಂದೆಯೇ ಹೇಳಿದರಂತೆ! ಅಷ್ಟಾದರೂ ಈಕೆ ಆಯ್ಕೆಯಾದರೆಂದರೆ ಲಿಖಿತ ಪರೀಕ್ಷೆಯ ಅಂಕಗಳು ಎಷ್ಟು ಗಟ್ಟಿಯಾಗಿದ್ದಿರಬೇಕು, ಊಹಿಸಿಕೊಳ್ಳಿ.

ಆ ಮೇಲೆ ಮುಚ್ಚಳಿಕೆ. ಪೊಲೀಸ್ ಠಾಣೆಯಲ್ಲಿ ಇನ್ನು ಮೇಲೆ ಜಗಳವಾಡುವುದಿಲ್ಲ ಎಂದು ಬರೆಸಿಕೊಳ್ಳುತ್ತಾರಲ್ಲ, ಅಂಥದೇ ಒಂದು ಕಾಗದ. ಮದುವೆಯಾದರೆ ಸೇವೆಗೆ ರಾಜೀನಾಮೆ ಕೊಡುತ್ತೇನೆ ಎಂದು ಬರೆದು ಸಹಿ ಹಾಕಬೇಕು. ಅದೇ ವರ್ಷ ಸೇರಿದ ಗಂಡುಮಕ್ಕಳು ಯಾರೂ ಇಂಥ ಕಾಗದ ಬರೆಯಬೇಕಾಗಿರಲಿಲ್ಲ. ಮುತ್ತಮ್ಮ ಸಹಿ ಹಾಕಿದರು. 1949ರಲ್ಲಿ ಸೇವೆಗೆ ಸೇರಿದರು. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ. ಮುಚ್ಚಳಿಕೆಯಿಂದಲೋ, ಸ್ವಂತ ಇಚ್ಛೆಯಿಂದಲೋ ಎಂದು ಕೆದಕುವುದು ನಮ್ಮ ಕೆಲಸವಲ್ಲ. ಆದರೆ ಅವರ ನಂತರ ಸೇರಿದ ಕೆಲವು ಹೆಣ್ಣುಮಕ್ಕಳು ಮದುವೆಗಾಗಿ ಕೆಲಸ ಬಿಟ್ಟು ಹೊರನಡೆದದ್ದಂತೂ ನಿಜ.

ಐ.ಎ.ಎಸ್.ನಲ್ಲೂ ಇದೇ ಕಥೆ. 1951ರಲ್ಲಿ ಆಯ್ಕೆಯಾದ ಕೇರಳದ ಅನ್ನಾ ರಾಜಂ ಅವರಿಗೂ ಸಂದರ್ಶನ ಮಂಡಳಿ ವಿದೇಶಾಂಗ ಸೇವೆಯೋ ಮತ್ತೊಂದೋ ಹೆಣ್ಣಿಗೆ ಹೊಂದುತ್ತದೆ, ಇದು ಬೇಡ ಎಂದು ಬುದ್ಧಿ ಹೇಳಿತು. ನೋಡಿ, ಇಲ್ಲಿ ಬೇಡ ಎಂದವರು ಅಲ್ಲಿಗೆ ಹೋಗು ಎನ್ನುತ್ತಾರೆ. ಅಲ್ಲಿ ಹೋದರೆ ಅಲ್ಲಿಯವರೂ ಬೇಡ ಎನ್ನುತ್ತಾರೆ. ಅನ್ನಾ ರಾಜಂ ಅವರ ನೇಮಕಾತಿ ಆದೇಶದಲ್ಲೂ ಮದುವೆಯಾದರೆ ಸೇವೆ ಕೊನೆಗೊಳ್ಳುತ್ತದೆ ಎಂಬ ಷರತ್ತಿತ್ತು.

ಇದನ್ನು ಓದಿ ನಮ್ಮ ದೇಶವೇ ಹೀಗೆ ಎಂದು ನಿಟ್ಟುಸಿರು ಬಿಡಬೇಕಾಗಿಲ್ಲ. ರೋಗ ಎಲ್ಲ ಕಡೆಯೂ ಇತ್ತು. ಬ್ರಿಟನ್ನಿನ ರಾಜತಾಂತ್ರಿಕ ಸೇವೆಗೆ ಹೆಂಗಸರನ್ನು ಬಿಟ್ಟುಕೊಂಡದ್ದೇ 1946ರಲ್ಲಿ; ಮದುವೆಯಾದರೆ ಹೊರಹೋಗಬೇಕೆಂಬ ಕಟ್ಟಳೆ ಅಲ್ಲಿ 1970ರ ದಶಕದ ಆರಂಭದವರೆಗೂ ಇತ್ತು. ಅಮೆರಿಕವೂ ಆ ದಶಕದಲ್ಲೇ ಎಚ್ಚೆತ್ತದ್ದು. ಎಲ್ಲಕ್ಕಿಂತ ವಿಚಿತ್ರ ದಕ್ಷಿಣ ಅಮೆರಿಕದ ಬ್ರೆಜಿಲ್‌ನದು. ಅಲ್ಲಿ 1918ರಲ್ಲೇ, ಅಂದರೆ ನಮ್ಮ ಮುತ್ತಮ್ಮ ಹುಟ್ಟುವುದಕ್ಕೂ ಆರು ವರ್ಷ ಮುಂಚೆ, ಮರಿಯಾ ಜೋಸೆ ದೆ ಕಾಸ್ತ್ರೋ ರೆಬೆಲ್ಲೋ ಮೆಂದೆಸ್ ಎಂಬ ಯುವತಿ ವಿದೇಶಾಂಗ ಇಲಾಖೆಯ ಪರೀಕ್ಷೆಗೆ ಅರ್ಜಿ ಹಾಕಿದಳು. ಹೆಂಗಸು ಬರಬಹುದೇ ಎಂದು ಇಲಾಖೆ ತಲೆ ಕೆರೆದುಕೊಂಡಿತು. ರೂಯಿ ಬಾರ್ಬೋಸ ಎಂಬ ಪ್ರಸಿದ್ಧ ನ್ಯಾಯವಾದಿ, ಸಂವಿಧಾನದಲ್ಲಿ ಹೆಂಗಸು ಬರಬಾರದೆಂದು ಎಲ್ಲಿದೆ ತೋರಿಸಿ ಎಂಬ ಅಭಿಪ್ರಾಯ ಕೊಟ್ಟರು. ಆಕೆ ಪರೀಕ್ಷೆ ಬರೆದು ಮೊದಲ ಸ್ಥಾನ ಪಡೆದಳು. ಮುಂದೆ ಸಹೋದ್ಯೋಗಿಯೊಬ್ಬನನ್ನೇ ಮದುವೆಯಾಗಿ, 1934ರಲ್ಲಿ ಕೆಲಸದಿಂದ ಹಿಂದೆ ಸರಿದಳು. ಇಷ್ಟೆಲ್ಲ ಆದ ಮೇಲೆ ಬಾಗಿಲು ಇನ್ನಷ್ಟು ತೆರೆಯಬೇಕಲ್ಲವೇ? ಇಲ್ಲ! 1938ರಲ್ಲಿ ಬ್ರೆಜಿಲ್ ಸರ್ಕಾರ ಹೆಂಗಸರು ಆ ಪರೀಕ್ಷೆ ಬರೆಯುವಂತೆಯೇ ಇಲ್ಲ ಎಂದು ಬಾಗಿಲು ಹಾಕಿಬಿಟ್ಟಿತು. ಅದು ಮತ್ತೆ ತೆರೆದದ್ದು 1954ರಲ್ಲಿ.

ಈ ನಡುವೆ 1945ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದು ಬರೆಯುವ ಸಮಾವೇಶ ನಡೆಯಿತು. ಬ್ರೆಜಿಲ್ ಅಲ್ಲಿಗೆ ಕಳಿಸಿದವರಲ್ಲಿ ಬೆರ್ತಾ ಲುಟ್ಸ್ ಎಂಬಾಕೆ ಇದ್ದಳು. ವೃತ್ತಿಯಿಂದ ಪ್ರಾಣಿಶಾಸ್ತ್ರಜ್ಞೆ, ಕಪ್ಪೆಗಳ ಮೇಲೆ ಅಧ್ಯಯನ ಮಾಡಿದಾಕೆ. ಸನ್ನದಿನಲ್ಲಿ ಗಂಡಸರ ಮತ್ತು ಹೆಂಗಸರ ಸಮಾನ ಹಕ್ಕು ಎಂಬ ಮಾತು ಸ್ಪಷ್ಟವಾಗಿ ಬರಲೇಬೇಕೆಂದು ಹಟ ಹಿಡಿದು ಸೇರಿಸಿದವರಲ್ಲಿ ಈಕೆ ಮುಖ್ಯಳು. ಸನ್ನದಿಗೆ ಸಹಿ ಹಾಕಿದ ನಾಲ್ವರು ಮಹಿಳೆಯರಲ್ಲಿ ಒಬ್ಬಳೂ ಹೌದು. ಅಂದರೆ ಜಗತ್ತಿಗೆಲ್ಲ ಸಮಾನತೆಯ ಸನ್ನದು ಬರೆಯಲು ಹೆಂಗಸನ್ನು ಕಳಿಸಿದ ದೇಶ, ತನ್ನ ಇಲಾಖೆಯ ಕೆಳಗಿನ ಮೆಟ್ಟಿಲಿನ ಪರೀಕ್ಷೆಗೆ ಹೆಂಗಸನ್ನು ಸೇರಿಸುತ್ತಿರಲಿಲ್ಲ. ನಮ್ಮಲ್ಲೂ ಅಷ್ಟೇ. ವಿಜಯಲಕ್ಷ್ಮಿ ಪಂಡಿತ್ 1947ರಲ್ಲೇ ಮಾಸ್ಕೋಗೆ ರಾಯಭಾರಿಯಾದರು, 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷೆಯಾದರು. ಆದರೆ ಅವರು ಪರೀಕ್ಷೆ ಬರೆದು ಬಂದವರಲ್ಲ, ಸರ್ಕಾರ ನೇರವಾಗಿ ಕಳಿಸಿದವರು. ದೊಡ್ಡ ಮನೆತನದ ಒಬ್ಬ ಹೆಂಗಸನ್ನು ಎತ್ತರದಲ್ಲಿ ಕೂರಿಸಲು ಯಾವ ಸರ್ಕಾರಕ್ಕೂ ಕಷ್ಟವಿಲ್ಲ. ತಂದೆಯಿಲ್ಲದ ವಿರಾಜಪೇಟೆಯ ಹುಡುಗಿ ಪರೀಕ್ಷೆ ಪಾಸು ಮಾಡಿಕೊಂಡು ಬಂದು ಸಾಲಿನಲ್ಲಿ ನಿಂತರೆ ಕಷ್ಟ.

ಮುತ್ತಮ್ಮನವರ ಮೊದಲ ನೇಮಕ ಪ್ಯಾರಿಸ್. ಆಮೇಲೆ ರಂಗೂನ್, ಲಂಡನ್. ನಡುನಡುವೆ ದೆಹಲಿಯ ಕಚೇರಿಯಲ್ಲಿ ಪಾಕಿಸ್ತಾನ, ಅಮೆರಿಕ ವಿಭಾಗಗಳ ಕೆಲಸ. ಈ ಸೇವೆಯ ಮೆಟ್ಟಿಲುಗಳನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಥರ್ಡ್ ಸೆಕ್ರೆಟರಿಯಾಗಿ ಸೇರಿ, ಸೆಕೆಂಡ್, ಫಸ್ಟ್ ಸೆಕ್ರೆಟರಿ, ಕೌನ್ಸೆಲರ್ ಎಂದು ಏರುತ್ತಾ ಹೋಗಿ ಎರಡು ದಶಕ ಕಳೆದ ಮೇಲೆ ರಾಯಭಾರಿಯಾಗುವುದು. ಕಾಮನ್‌ವೆಲ್ತ್ ದೇಶಗಳಲ್ಲಿ ಅದೇ ಹುದ್ದೆಗೆ ಹೈಕಮಿಷನರ್ ಎಂದು ಹೆಸರು. ಕೆಲಸವೆಂದರೆ ಸಿನಿಮಾದಲ್ಲಿ ತೋರಿಸುವಂತೆ ಬರಿಯ ಔತಣಕೂಟವಲ್ಲ. ಆ ದೇಶದಲ್ಲಿ ಏನು ನಡೆಯುತ್ತಿದೆ, ಮುಂದೇನಾಗಬಹುದು ಎಂದು ದೆಹಲಿಗೆ ಬರೆಯಬೇಕು. ದೆಹಲಿ ಹೇಳಿದ್ದನ್ನು ಅಲ್ಲಿಯವರಿಗೆ ಒಪ್ಪಿಸಬೇಕು. ಪಾಸ್‌ಪೋರ್ಟ್ ಕಳೆದುಕೊಂಡು ಅಳುತ್ತಾ ಬಂದವರನ್ನು ಊರಿಗೆ ಕಳಿಸಬೇಕು. ವ್ಯಾಪಾರಕ್ಕೆ ಬಾಗಿಲು ಹುಡುಕಬೇಕು. ಓಣಂ ಹತ್ತಿರ ಬಂದಾಗ ಗುಂಡ್ಲುಪೇಟೆಯ ಹೊಲದಲ್ಲಿ ಚೆಂಡುಹೂವಿಗೆ ದರ ಮಾತಾಡಲು ಬರುವ ಕೇರಳದ ವ್ಯಾಪಾರಿಯನ್ನೂ, ಅವನ ಭಾಷೆಯಲ್ಲೇ ಉತ್ತರ ಕೊಟ್ಟು, ಕೋಪ ಬರಿಸದೆ, ನಾಲ್ಕು ಕಾಸು ಹೆಚ್ಚು ಕೀಳುವ ನಮ್ಮ ರೈತನನ್ನೂ ನೋಡಿದವರಿಗೆ ಈ ವಿದ್ಯೆ ಅಪರಿಚಿತವೇನಲ್ಲ. ಒಂದು ಕಡೆ ಊಟಿಯ ದಾರಿ, ಇನ್ನೊಂದು ಕಡೆ ವಯನಾಡಿನ ದಾರಿ ಇರುವ ಊರಿನ ಮಕ್ಕಳಿಗೆ ಎರಡು ಮೂರು ಭಾಷೆ ಕಿವಿಗೆ ಬಿದ್ದೇ ಇರುತ್ತದೆ. ವಿದೇಶಾಂಗ ಸೇವೆಗೆ ಅದು ಸಣ್ಣ ಬಂಡವಾಳವಲ್ಲ.

1970ರಲ್ಲಿ ಮುತ್ತಮ್ಮ ಹಂಗೆರಿಗೆ ರಾಯಭಾರಿಯಾದರು. ಪರೀಕ್ಷೆ ಬರೆದು ಸೇವೆಗೆ ಬಂದು ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಮಹಿಳೆ ಅವರೇ. ಮುಂದೆ ಆಫ್ರಿಕಾದ ಘಾನಾದಲ್ಲಿ ಕೆಲಸ ಮಾಡಿದರು. ಸೇರಿ ಮೂವತ್ತು ವರ್ಷ ತುಂಬುತ್ತಾ ಬಂದಿತ್ತು. ಸೇವೆಯ ಒಂದನೆಯ ಶ್ರೇಣಿಗೆ ಬಡ್ತಿ ಸಿಗಬೇಕಾಗಿತ್ತು. ಸಿಗಲಿಲ್ಲ. ಅರ್ಹತೆ ಸಾಲದು ಎಂಬ ಕಾರಣ ಬಂತು.

ಸಾಮಾನ್ಯವಾಗಿ ಸರ್ಕಾರಿ ನೌಕರರು ಇಂಥ ಸಮಯದಲ್ಲಿ ಏನು ಮಾಡುತ್ತಾರೆ? ಗೊಣಗುತ್ತಾರೆ, ದೊಡ್ಡವರ ಬಾಗಿಲಿಗೆ ಅಲೆಯುತ್ತಾರೆ, ನಿವೃತ್ತಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸುತ್ತಾರೆ. ಮುತ್ತಮ್ಮ 1979ರಲ್ಲಿ ತಮ್ಮದೇ ಸರ್ಕಾರದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರು. ನನಗೆ ಬಡ್ತಿ ತಪ್ಪಿದ್ದು ಅರ್ಹತೆಯಿಂದಲ್ಲ, ನಾನು ಹೆಂಗಸೆಂಬ ಕಾರಣದಿಂದ; ಈ ಸೇವೆಯ ನಿಯಮಗಳಲ್ಲೇ ಹೆಂಗಸರ ವಿರುದ್ಧ ಪಕ್ಷಪಾತ ಕೂತಿದೆ ಎಂಬುದು ಅವರ ವಾದ.

ಆ ನಿಯಮಗಳೇನು ನೋಡೋಣ. ಎರಡೂ 1961ರವು. ಒಂದರ ಪ್ರಕಾರ, ಸೇವೆಯಲ್ಲಿರುವ ಮಹಿಳೆ ಮದುವೆಯಾಗುವ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ, ಅವಳ ಸಂಸಾರದ ಜವಾಬ್ದಾರಿಗಳು ಕೆಲಸಕ್ಕೆ ಅಡ್ಡಿಯಾಗಬಹುದೆಂದು ಸರ್ಕಾರಕ್ಕೆ ಅನ್ನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಅಡ್ಡಿಯಾಗಿರಬೇಕೆಂದೇನೂ ಇಲ್ಲ, ಆಗಬಹುದು ಎನ್ನಿಸಿದರೆ ಸಾಕು. ಇನ್ನೊಂದರ ಪ್ರಕಾರ, ಮದುವೆಯಾದ ಯಾವ ಹೆಂಗಸಿಗೂ ಈ ಸೇವೆಗೆ ನೇಮಕ ಹೊಂದುವುದು ಹಕ್ಕಲ್ಲ. ಇವು ಯಾವಾಗಿನವು ಎಂಬುದನ್ನು ಮತ್ತೆ ನೋಡಿ. ಮುತ್ತಮ್ಮ ಮುಚ್ಚಳಿಕೆ ಬರೆದುಕೊಟ್ಟಾಗ ಸಂವಿಧಾನ ಜಾರಿಗೆ ಬಂದಿರಲಿಲ್ಲ. ಅದನ್ನು ಹಳೆಯ ಕಾಲದ ಉಳಿಕೆ ಎಂದು ಬಿಟ್ಟುಬಿಡಬಹುದು. ಆದರೆ ಈ ನಿಯಮಗಳು ಬಂದದ್ದು ಸಂವಿಧಾನ ಜಾರಿಯಾಗಿ ಹನ್ನೊಂದು ವರ್ಷದ ನಂತರ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುವ 14ನೇ ವಿಧಿ, ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಎನ್ನುವ 16ನೇ ವಿಧಿ ಇವೆರಡೂ ಕಣ್ಣೆದುರಿಗಿರುವಾಗಲೇ ಯಾರೋ ವಿದ್ಯಾವಂತರು ಕೂತು ಇವನ್ನು ಬರೆದರು.

ಗುಂಡ್ಲುಪೇಟೆಯವರಿಗೆ ಇದು ಇನ್ನೂ ವಿಚಿತ್ರವೆನ್ನಿಸಬೇಕು. ಇಲ್ಲಿನ ಮತದಾರರು ಕೆ.ಎಸ್. ನಾಗರತ್ನಮ್ಮನವರನ್ನು 1957ರಲ್ಲೇ ವಿಧಾನಸಭೆಗೆ ಕಳಿಸಿದ್ದರು. ಒಟ್ಟು ಏಳು ಸಲ ಅವರನ್ನು ಆರಿಸಿದರು. 1972ರಿಂದ 1978ರವರೆಗೆ ಅವರು ವಿಧಾನಸಭೆಯ ಅಧ್ಯಕ್ಷೆಯಾಗಿ, ಆ ಪೀಠದಲ್ಲಿ ಕುಳಿತ ರಾಜ್ಯದ ಮೊದಲ ಮಹಿಳೆಯಾಗಿ, ಇಡೀ ಸದನವನ್ನು ಹತೋಟಿಯಲ್ಲಿಟ್ಟರು. ಗುಂಡ್ಲುಪೇಟೆಯ ರೈತ ಮತ ಹಾಕುವಾಗ ಈಯಮ್ಮನ ಮನೆಗೆಲಸ ಯಾರು ನೋಡುತ್ತಾರೆ ಎಂದು ಕೇಳಲಿಲ್ಲ. ದೆಹಲಿಯ ಕಡತ ಮಾತ್ರ ಅದನ್ನೇ ಕೇಳುತ್ತಾ ಕೂತಿತ್ತು.

ಅರ್ಜಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ.ಎನ್. ಶಿಂಘಾಲ್ ಅವರ ಮುಂದೆ ಬಂತು. ಕೋರ್ಟಿಗೆ ಹೋದದ್ದೇ ತಡ, ಸರ್ಕಾರಕ್ಕೆ ಎಚ್ಚರವಾಯಿತು. ಕೆಲವೇ ತಿಂಗಳುಗಳಲ್ಲಿ ಕಡತವನ್ನು ಎರಡನೆಯ ಸಲ ನೋಡಲಾಗಿ ಅದೇ ಮುತ್ತಮ್ಮನವರಲ್ಲಿ ಅರ್ಹತೆ ಕಾಣಿಸಿಬಿಟ್ಟಿತು! ಬಡ್ತಿ ಕೊಟ್ಟು ನೆದರ್ಲೆಂಡ್ಸಿನ ಹೇಗ್ ನಗರಕ್ಕೆ ರಾಯಭಾರಿಯಾಗಿ ಕಳಿಸಿದರು. ಸಾಲಿಸಿಟರ್ ಜನರಲ್ ಸೋಲಿ ಸೊರಾಬ್ಜಿ ನ್ಯಾಯಾಲಯಕ್ಕೆ ಇದನ್ನು ತಿಳಿಸಿದರು. ಮದುವೆಯಾದವರಿಗೆ ನೇಮಕದ ಹಕ್ಕಿಲ್ಲ ಎಂಬ ನಿಯಮವನ್ನು 1973ರ ನವೆಂಬರಿನಲ್ಲೇ ತೆಗೆದಿದೆ, ಮದುವೆಗೆ ಅನುಮತಿ ಬೇಕೆಂಬ ನಿಯಮವನ್ನೂ ತೆಗೆಯಲಾಗುತ್ತಿದೆ ಎಂಬ ಮಾಹಿತಿಯೂ ಬಂತು.

1979ರ ಸೆಪ್ಟೆಂಬರ್ 17ರಂದು ತೀರ್ಪು. ಹಾಗೆ ನೋಡಿದರೆ ಮುತ್ತಮ್ಮ ಕೇಸು ಗೆಲ್ಲಲಿಲ್ಲ. ಕೇಳಿದ ಬಡ್ತಿ ಸಿಕ್ಕಿರುವುದರಿಂದ ಅರ್ಜಿ ವಜಾ ಆಯಿತು. ಆದರೆ ವಜಾ ಮಾಡುವ ಮೊದಲು ಕೃಷ್ಣ ಅಯ್ಯರ್ ಆಡಿದ ಮಾತುಗಳಿಗಾಗಿಯೇ ಈ ತೀರ್ಪು ಉಳಿದುಕೊಂಡಿದೆ. ಸಂಸಾರದ ಜವಾಬ್ದಾರಿ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಅಡ್ಡಿಯಾಗಬಹುದಲ್ಲ, ಮದುವೆಯಾದ ಗಂಡಸಿಗೆ ಹಕ್ಕಿದ್ದರೆ ಮದುವೆಯಾದ ಹೆಂಗಸಿಗೆ ಏಕಿಲ್ಲ ಎಂದು ಅವರು ಕೇಳಿದರು. ನಮ್ಮ ಸ್ವಾತಂತ್ರ್ಯ ಹೋರಾಟ ಹೆಣ್ಣಿನ ದಾಸ್ಯದ ವಿರುದ್ಧದ ಹೋರಾಟವೂ ಆಗಿತ್ತೆಂಬುದನ್ನು ಈ ನಿಯಮ ಬರೆದವರು ಮರೆತರು ಎಂದರು. ವಿದೇಶಾಂಗ ಸೇವೆಯ ಎಲ್ಲ ನಿಯಮಗಳನ್ನೂ ಜಾಲಾಡಿ, ಲಿಂಗಭೇದದ ಕಳೆ ಎಲ್ಲಿದ್ದರೂ ಕಿತ್ತುಹಾಕಬೇಕು, ಇನ್ನೊಬ್ಬರು ಕೋರ್ಟಿಗೆ ಬರುವವರೆಗೆ ಕಾಯಬಾರದು ಎಂದು ಸರ್ಕಾರಕ್ಕೆ ಹೇಳಿದರು. ಬಡ್ತಿ ತಡವಾದ ತಿಂಗಳುಗಳಲ್ಲಿ ಕಿರಿಯರು ಮುಂದೆ ಹೋಗಿದ್ದರಿಂದ ಮುತ್ತಮ್ಮನವರ ಜ್ಯೇಷ್ಠತೆಯನ್ನು ಮರುಪರಿಶೀಲಿಸಲೂ ಸೂಚಿಸಿದರು. ಅರ್ಜಿಯನ್ನಷ್ಟೇ ವಜಾ ಮಾಡುತ್ತಿದ್ದೇವೆ, ಸಮಸ್ಯೆಯನ್ನಲ್ಲ ಎಂಬ ಅರ್ಥದ ಮಾತು ಅಲ್ಲಿದೆ.

ತೀರ್ಪಿನಲ್ಲಿ ನನಗೆ ಒಪ್ಪಿಗೆಯಾಗದ ಒಂದು ಸಾಲೂ ಇದೆ. ಎಲ್ಲ ಉದ್ಯೋಗಗಳಲ್ಲೂ ಎಲ್ಲ ಸಂದರ್ಭಗಳಲ್ಲೂ ಗಂಡು ಹೆಣ್ಣು ಒಂದೇ ಎಂದು ನಾವು ಹೇಳುತ್ತಿಲ್ಲ, ಕೆಲವು ಕೆಲಸಗಳ ಸ್ವರೂಪ ಬೇರೆಯಿರಬಹುದು ಎಂದು ನ್ಯಾಯಮೂರ್ತಿಗಳು ಒಂದು ಕಿಟಕಿ ತೆರೆದಿಟ್ಟರು. ಅದರಲ್ಲೇನು ತಪ್ಪು ಎನ್ನಬಹುದು. ಆದರೆ 1948ರ ಸಂದರ್ಶನ ಮಂಡಳಿ ಹೇಳಿದ್ದೂ ಅದೇ ಅಲ್ಲವೇ, ಈ ಕೆಲಸದ ಸ್ವರೂಪವೇ ಬೇರೆ ಎಂದು? ಕಿಟಕಿ ಇದ್ದರೆ ಅದರಲ್ಲಿ ತೂರುವವರು ಇದ್ದೇ ಇರುತ್ತಾರೆ.

ಮುತ್ತಮ್ಮ 1982ರಲ್ಲಿ ನಿವೃತ್ತರಾದರು. ಆ ಹೊತ್ತಿನಲ್ಲಿ ಅವರಿದ್ದ ಇನ್ನೊಂದು ಸಭೆಯನ್ನು ನಮ್ಮಲ್ಲಿ ಯಾರೂ ಹೆಚ್ಚು ನೆನೆಯುವುದಿಲ್ಲ. ಸ್ವೀಡನ್ನಿನ ನಾಯಕ ಓಲಾಫ್ ಪಾಲ್ಮೆ ಅಣ್ವಸ್ತ್ರಗಳ ಪೈಪೋಟಿ ತಗ್ಗಿಸುವ ದಾರಿ ಹುಡುಕಲು ಸ್ವತಂತ್ರ ಆಯೋಗವೊಂದನ್ನು ಕಟ್ಟಿದ್ದರು. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಸೈರಸ್ ವ್ಯಾನ್ಸ್, ಬ್ರಿಟನ್ನಿನ ಡೇವಿಡ್ ಓವೆನ್, ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಡ್ಟ್‌ಲೆಂಡ್, ನೈಜೀರಿಯದ ಒಬಸಾಂಜೊ ಮುಂತಾದವರು ಸದಸ್ಯರು. ದಕ್ಷಿಣ ಅಮೆರಿಕದ ಗಯಾನಾದಿಂದ ಶ್ರೀದತ್ ರಾಂಫಾಲ್. ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹಡಗು ಹತ್ತಿದ ಭಾರತೀಯರ ವಂಶದವರು, ಆಗ ಕಾಮನ್‌ವೆಲ್ತಿನ ಮಹಾಕಾರ್ಯದರ್ಶಿ. ಇವರ ಸಾಲಿನಲ್ಲಿ ಭಾರತದಿಂದ ಸಿ.ಬಿ. ಮುತ್ತಮ್ಮ. 1982ರಲ್ಲಿ ಬಂದ ಆಯೋಗದ ವರದಿಯ ಸಾರ ಸರಳವಾಗಿತ್ತು: ಎದುರಾಳಿಯನ್ನು ಹೆದರಿಸಿ ನಾನು ನೆಮ್ಮದಿಯಾಗಿರಲಾರೆ, ಅವನೂ ನಿಶ್ಚಿಂತನಾಗಿದ್ದರೆ ಮಾತ್ರ ನನಗೂ ರಕ್ಷಣೆ. ಬೇಲಿ ಜಗಳ ಕಂಡ ಯಾವ ಹಳ್ಳಿಯವನಿಗೂ ಇದು ಗೊತ್ತು. ದೊಡ್ಡ ದೇಶಗಳಿಗೆ ಹೇಳಲು ಮಾತ್ರ ಆಯೋಗ ಬೇಕಾಯಿತು.

ನಿವೃತ್ತಿಯ ನಂತರ ದೆಹಲಿಯಲ್ಲಿದ್ದ ತಮ್ಮ ಜಮೀನನ್ನು ಮದರ್ ತೆರೇಸಾ ಅವರ ಸಂಸ್ಥೆಯ ಅನಾಥಾಲಯಕ್ಕೆ ಕೊಟ್ಟರು. ಕೊಡವರ ಅಡುಗೆಯ ಮೇಲೆ ಇತರರೊಡನೆ ಸೇರಿ ಒಂದು ಪುಸ್ತಕ ತಂದರು. 2003ರಲ್ಲಿ ಬಂದ ಅವರ ಪ್ರಬಂಧಗಳ ಸಂಕಲನದ ಹೆಸರನ್ನು ಕನ್ನಡಕ್ಕೆ ತಂದರೆ ‘ವ್ಯವಸ್ಥೆಯಿಂದ ಹತ’ ಎನ್ನಬಹುದು. ಹೆಸರೇ ಹೇಳುವಂತೆ ವಯಸ್ಸು ಅವರನ್ನು ಮೆತ್ತಗಾಗಿಸಿರಲಿಲ್ಲ. 2001ರಲ್ಲಿ ಚೊಕಿಲಾ ಅಯ್ಯರ್ ದೇಶದ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು. 2009ರ ಆಗಸ್ಟ್‌ನಲ್ಲಿ ನಿರುಪಮಾ ರಾವ್ ಅದೇ ಕುರ್ಚಿಗೆ ಬಂದರು. ಇಬ್ಬರೂ ಮದುವೆಯಾದವರು. ಅದೇ 2009ರ ಅಕ್ಟೋಬರ್ 14ರಂದು ಮುತ್ತಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ 85 ವರ್ಷ.

ಇನ್ನು ಕಾಗದ ಬರೆದ ತಂದೆಯವರಿಗೆ ನೇರವಾಗಿ ಎರಡು ಮಾತು. ನಿಮ್ಮ ಮಗಳು ಮುಚ್ಚಳಿಕೆ ಬರೆದುಕೊಡಬೇಕಾಗಿಲ್ಲ. ಇಂದು ಮದುವೆಯ ಬಗ್ಗೆ ಉಳಿದಿರುವ ಕಟ್ಟಳೆ ಎಂದರೆ ವಿದೇಶಿ ಪ್ರಜೆಯನ್ನು ಮದುವೆಯಾಗಲು ಸರ್ಕಾರದ ಅನುಮತಿ ಬೇಕು ಎಂಬುದು; ಅದು ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ. ಹಾಗೆಂದು ತೊಂದರೆಯೇ ಇಲ್ಲ ಎಂದು ಸುಳ್ಳು ಹೇಳಲಾರೆ. ಗಂಡನಾಗುವವನು ಕೆಲಸ ಬಿಟ್ಟು ಜೊತೆಗೆ ಹೊರಡುವನೇ, ಮಕ್ಕಳು ಎಷ್ಟು ಶಾಲೆ ಬದಲಿಸಬೇಕು, ಊರಲ್ಲಿ ನಿಮಗೆ ಹುಷಾರಿಲ್ಲವೆಂದರೆ ಎಷ್ಟು ದಿನಕ್ಕೆ ಬಂದಾಳು, ಇವೆಲ್ಲ ನಿಜವಾದ ಕಷ್ಟಗಳು. ಆದರೆ ಈ ಸೇವೆಗೆ ಹೊರಟ ಗಂಡುಮಗನ ತಂದೆ ಇವನ್ನು ಕೇಳಿ ಕಾಗದ ಬರೆದದ್ದನ್ನು ನಾನು ಇನ್ನೂ ಕಂಡಿಲ್ಲ.

ಮಗಳು ಮೊದಲು ಪದವಿ ಮುಗಿಸಲಿ. ಪರೀಕ್ಷೆ ಐ.ಎ.ಎಸ್.ಗೆ ಇರುವುದೇ, ಬೇರೆಯದಲ್ಲ. ವಯಸ್ಸು 21 ತುಂಬಿರಬೇಕು. ಸಾಮಾನ್ಯ ವರ್ಗಕ್ಕೆ 32ರ ಮಿತಿ, ಇತರರಿಗೆ ಸಡಿಲಿಕೆ ಇದೆ. ಪ್ರಿಲಿಮಿನರಿ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಇಂಗ್ಲಿಷಿನ ಒಂದು ಪತ್ರಿಕೆಯಲ್ಲಿ ಪಾಸಾದರೆ ಸಾಕು, ಅದರ ಅಂಕ ಲೆಕ್ಕಕ್ಕಿಲ್ಲ. ಮುಖ್ಯ ಪರೀಕ್ಷೆಗೆ 1750 ಅಂಕ, ಸಂದರ್ಶನಕ್ಕೆ 275. ಮುತ್ತಮ್ಮನವರ ಕಥೆ ಕೇಳಿದ ಮೇಲೆ ಈ ಎರಡು ಸಂಖ್ಯೆಗಳ ನಡುವಿನ ಅಂತರ ಸ್ವಲ್ಪ ಧೈರ್ಯ ಕೊಡುತ್ತದೆ. ಸೇವೆಗಳ ಆದ್ಯತೆ ಬರೆಯುವಾಗ ವಿದೇಶಾಂಗ ಸೇವೆಯನ್ನು ಮೊದಲು ಬರೆಯಬೇಕು; ಸ್ಥಾನಗಳು ಕಡಿಮೆ, ರ‍್ಯಾಂಕ್ ಮೇಲಿರಬೇಕು. ಆಯ್ಕೆಯಾದರೆ ಮಸ್ಸೂರಿಯಲ್ಲೂ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲೂ ತರಬೇತಿ. ಆಮೇಲೆ ಒಂದು ವಿದೇಶಿ ಭಾಷೆ ಕಡ್ಡಾಯ. ಅದು ಸ್ಪ್ಯಾನಿಷ್ ಆದರೆ ದಕ್ಷಿಣ ಅಮೆರಿಕದ ಬಹುಭಾಗ, ಪೋರ್ಚುಗೀಸ್ ಆದರೆ ಬ್ರೆಜಿಲ್.

ಪರೀಕ್ಷೆಯ ಸಿದ್ಧತೆಯ ನಡುವೆ ಬಿಡುವಾದಾಗ ಅವಳು ಆ 1979ರ ತೀರ್ಪನ್ನು ಒಮ್ಮೆ ಓದಲಿ. ಕೆಲವೇ ಪುಟಗಳಿವೆ, ಕಾನೂನು ಓದುವ ಯಾರನ್ನು ಕೇಳಿದರೂ ಹುಡುಕಿಕೊಡುತ್ತಾರೆ. ಕೃಷ್ಣ ಅಯ್ಯರ್ ಅವರ ಇಂಗ್ಲಿಷ್ ಮಾತ್ರ ಕಬ್ಬಿಣದ ಕಡಲೆ. ನಿಘಂಟು ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು.